ಗೃಹಚಿತ್ರಮಂದಿರದ ರಿಸೀವರೂ ವಾಟಿನ ಲೆಕ್ಕವೂ

ಹಿಂದಿನ ಕಾಲದಲ್ಲಿ ನಮ್ಮ ಸಂತೆಗಳಲ್ಲಿ ಧಾನ್ಯವನ್ನು ಸೇರಿನಿಂದ ಅಳೆದು ಮಾರುತ್ತಿದ್ದರು. ಸೇರೆಂಬ ಹೆಸರು ಎಲ್ಲೆಲ್ಲಿಯೂ ಒಂದೇ. ಆದರೆ ಸೇರಿನ ಪ್ರಮಾಣವು ಎಲ್ಲೆಲ್ಲಿಯೂ ಒಂದೇ ಆಗಿರಲಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಬಗೆಗಳಿದ್ದವು. ಒಂದು ಸೀಮೆಯ ಸೇರಿಗೂ ಇನ್ನೊಂದು ಸೀಮೆಯ ಸೇರಿಗೂ ಅಂತರವಿತ್ತು. ಆದುದರಿಂದ ಲೋಕಾನುಭವವುಳ್ಳ ಗೃಹಸ್ಥನು “ರೂಪಾಯಿಗೆ ಎಷ್ಟು ಸೇರು?” ಎಂದು ಕೇಳುವುದಕ್ಕೆ ಮುಂಚೆ “ಯಾವ ಸೇರು?” ಎಂದು ಕೇಳುತ್ತಿದ್ದನು. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣವನ್ನು ಗೊತ್ತುಮಾಡುವ ಕಾಯಿದೆಯು ಬಂದು, ಕ್ರಮೇಣ ಕಿಲೋಗ್ರಾಮು ಲೀಟರುಗಳು ಬಳಕೆಗೆ ಬಂದ ಮೇಲೆ ಈ ಪ್ರಶ್ನೆಯ ಅಗತ್ಯವು ತಪ್ಪಿತು.

ಆ ಹಳೆಯ ಪ್ರಶ್ನೆಯನ್ನು ಇಂದು ಮತ್ತೆ ಕೇಳಬೇಕಾಗಿರುವ ಸ್ಥಳವೊಂದುಂಟು. ಅದು ಧಾನ್ಯದ ಅಂಗಡಿಯಲ್ಲ. ಟೆಲಿವಿಷನ್ ಮತ್ತು ಧ್ವನಿಯಂತ್ರಗಳ ಅಂಗಡಿ. ಮನೆಯಲ್ಲಿಯೇ ಚಿತ್ರಮಂದಿರದ ಸುಖವನ್ನು ಪಡೆಯಬೇಕೆಂಬ ಆಸೆಯಿಂದ ಅನೇಕ ಕುಟುಂಬಗಳವರು ಈಗ ಹೋಮ್ ಥಿಯೇಟರನ್ನು ಕೊಳ್ಳುತ್ತಿದ್ದಾರೆ. ಅದರ ಮುಖ್ಯ ಅಂಗವಾದ ರಿಸೀವರಿನ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತಲೂ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದು ವಾಟಿನ ಅಂಕಿಯೇ. ಒಂದರ ಮೇಲೆ ೮೦, ಇನ್ನೊಂದರ ಮೇಲೆ ೧೫೦, ಮತ್ತೊಂದರ ಮೇಲೆ ೧,೦೦೦. ಹೆಚ್ಚಿನ ಅಂಕಿಯುಳ್ಳದ್ದೇ ಉತ್ತಮವೆಂದು ಭಾವಿಸಿ, ತಿಂಗಳುಗಟ್ಟಲೆ ಉಳಿಸಿದ ಹಣವನ್ನು ಸುರಿದು ಬರುವವರು ಬಹುಮಂದಿ. ಈ ಮೂರು ಅಂಕಿಗಳೂ ಹೆಚ್ಚುಕಡಮೆ ಒಂದೇ ಸಾಮರ್ಥ್ಯದ ಯಂತ್ರಗಳವಾಗಿರಬಹುದು. ಅಷ್ಟೇ ಅಲ್ಲ, ೧,೦೦೦ ಎಂದು ಬರೆದಿರುವುದು ೮೦ರದ್ದಕ್ಕಿಂತ ದುರ್ಬಲವಾಗಿಯೂ ಇರಬಹುದು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ವಾಟೂ ಒಂದು ಸೇರು. ಅದನ್ನು ಯಾವ ಬಗೆಯಲ್ಲಿ ಅಳೆದರೆಂಬುದನ್ನು ತಿಳಿಯದೆ ಅದರ ಅಂಕಿಗೆ ಬೆಲೆಯಿಲ್ಲ. ಇದನ್ನು ಸಾಮಾನ್ಯ ಗೃಹಸ್ಥರಿಗೂ ಗೃಹಿಣಿಯರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ರಿಸೀವರಿನ ಕೆಲಸವೇನು?

ಟೆಲಿವಿಷನ್, ಡಿಸ್ಕ್ ಯಂತ್ರ, ಸೆಟ್‌ಟಾಪ್ ಪೆಟ್ಟಿಗೆ ಮೊದಲಾದವುಗಳಿಂದ ಬರುವ ಧ್ವನಿಸಂಕೇತಗಳನ್ನು ಒಂದೆಡೆ ಬರಮಾಡಿಕೊಂಡು, ಅವುಗಳಲ್ಲಿ ಮುಂದಿನ ಸ್ಪೀಕರಿಗೆ ಯಾವುದು, ಹಿಂದಿನದಕ್ಕೆ ಯಾವುದು ಎಂದು ವಿಂಗಡಿಸಿ, ಪ್ರತಿಯೊಂದನ್ನೂ ಬಲಪಡಿಸಿ ಆಯಾ ಸ್ಪೀಕರಿಗೆ ಒಪ್ಪಿಸುವುದು ರಿಸೀವರಿನ ಕರ್ತವ್ಯ. ಒಂದೊಂದು ಸ್ಪೀಕರಿಗೆ ಹೋಗುವ ದಾರಿಯನ್ನು ಚಾನೆಲ್ ಎಂದು ಕರೆಯುತ್ತಾರೆ. “೫.೧” ಎಂದರೆ ಐದು ಸ್ಪೀಕರುಗಳು, ಮತ್ತು ಗಂಭೀರವಾದ ತಗ್ಗುಸ್ವರಗಳಿಗಾಗಿಯೇ ಇರುವ ಒಂದು ಸಬ್‌ವೂಫರ್, “೭.೧” ಎಂದರೆ ಏಳು ಮತ್ತು ಒಂದು. ಸಂಕೇತವನ್ನು ಬಲಪಡಿಸುವ ಭಾಗಕ್ಕೆ ಆಂಪ್ಲಿಫೈಯರ್ ಎಂದು ಹೆಸರು. ವಾಟಿನ ಅಂಕಿಯು ಈ ಭಾಗಕ್ಕೆ ಸಂಬಂಧಿಸಿದ್ದು.

ವಾಟೆಂಬುದು ಕೆಲಸ ಮಾಡುವ ವೇಗದ ಅಳತೆ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟನು ತನ್ನ ಯಂತ್ರಗಳ ಬಲವನ್ನು ಗಿರಾಕಿಗಳಿಗೆ ಮನಗಾಣಿಸಲು ಕುದುರೆಯ ಬಲದೊಡನೆ ಹೋಲಿಸಿ ಹೇಳುತ್ತಿದ್ದನು. ಒಂದು ನಿಮಿಷದಲ್ಲಿ ೩೩,೦೦೦ ಪೌಂಡು ತೂಕವನ್ನು ಒಂದು ಅಡಿ ಎತ್ತುವುದು ಒಂದು ಅಶ್ವಶಕ್ತಿಯೆಂದು ಅವನು ಗೊತ್ತುಮಾಡಿದನು. ೧೮೮೨ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘವು ಅವನ ಹೆಸರನ್ನೇ ಶಕ್ತಿಯ ಮಾನಕ್ಕೆ ಇಟ್ಟಿತು. ಒಂದು ಅಶ್ವಶಕ್ತಿಯು ಸುಮಾರು ೭೪೬ ವಾಟುಗಳಿಗೆ ಸಮ. ನಮ್ಮ ಮನೆಯ ಎಲ್‌ಇಡಿ ದೀಪವು ೯ ವಾಟನ್ನೂ ಇಸ್ತ್ರಿಪೆಟ್ಟಿಗೆಯು ೧,೦೦೦ ವಾಟನ್ನೂ ತೆಗೆದುಕೊಳ್ಳುವುದು ಎಲ್ಲರಿಗೂ ತಿಳಿದ ವಿಷಯ.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ದೀಪದ ವಾಟು ಅದು ಸದಾ ತೆಗೆದುಕೊಳ್ಳುವ ಶಕ್ತಿ. ರಿಸೀವರಿನ ವಾಟಾದರೋ ಅದು ಸ್ಪೀಕರಿಗೆ ಕೊಡಬಲ್ಲ ಶಕ್ತಿಯ ಮೇರೆ. ಗಾಯನವಾಗಲಿ ಸಂಭಾಷಣೆಯಾಗಲಿ ಕ್ಷಣಕ್ಷಣಕ್ಕೂ ಏರಿಳಿಯುತ್ತಿರುವುದರಿಂದ ಆ ಮೇರೆಯನ್ನು ಯಂತ್ರವು ಮುಟ್ಟುವುದೇ ಅಪೂರ್ವ. ಎಷ್ಟು ಹೊತ್ತು, ಎಷ್ಟು ಶುದ್ಧವಾಗಿ, ಎಷ್ಟು ಸ್ಪೀಕರುಗಳಿಗೆ ಅದನ್ನು ಕೊಡಬಲ್ಲದೆಂಬ ಷರತ್ತುಗಳನ್ನು ಬದಲಾಯಿಸಿದಂತೆಲ್ಲ ಅಂಕಿಯೂ ಬದಲಾಗುತ್ತದೆ. ಮಾರಾಟಗಾರರ ಚಾತುರ್ಯಕ್ಕೆ ಅವಕಾಶವಿರುವುದು ಇಲ್ಲಿಯೇ.

ಕೇಳತಕ್ಕ ನಾಲ್ಕು ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಎಷ್ಟು ಓಮಿನ ಸ್ಪೀಕರಿಗೆ? ವಿದ್ಯುತ್ತಿನ ಹರಿವಿಗೆ ಸ್ಪೀಕರು ಒಡ್ಡುವ ತಡೆಯನ್ನು ಓಮಿನಿಂದ ಅಳೆಯುತ್ತಾರೆ. ೧೮೨೭ರಲ್ಲಿ ಈ ವಿಷಯದ ನಿಯಮವನ್ನು ಪ್ರಕಟಿಸಿದ ಜರ್ಮನ್ ವಿದ್ವಾಂಸ ಗೇಯೋರ್ಗ್ ಓಮನ ಹೆಸರು ಅದಕ್ಕೆ ನಿಂತಿದೆ. ಮನೆಯ ಸ್ಪೀಕರುಗಳು ಸಾಮಾನ್ಯವಾಗಿ ೮, ೬ ಅಥವಾ ೪ ಓಮಿನವು. ತಡೆ ಕಡಮೆಯಾದಷ್ಟೂ ವಿದ್ಯುತ್ತು ಹೆಚ್ಚಾಗಿ ಹರಿಯುವುದರಿಂದ, ಅದೇ ಯಂತ್ರವನ್ನು ೬ ಓಮಿನ ಮೇಲೆ ಅಳೆದರೆ ವಾಟಿನ ಅಂಕಿ ೮ ಓಮಿಗಿಂತ ದೊಡ್ಡದಾಗಿ ಕಾಣುತ್ತದೆ. ಯಂತ್ರವು ಬಲಿತಿತೆಂದು ಅರ್ಥವಲ್ಲ. ಅದರ ಮೇಲೆ ಹೊರೆ ಹೆಚ್ಚಿತೆಂದು ಅರ್ಥ.

ಎರಡನೆಯ ಪ್ರಶ್ನೆ: ಯಾವ ಸ್ವರಗಳಲ್ಲಿ? ಮನುಷ್ಯನ ಕಿವಿಯು ಸೆಕೆಂಡಿಗೆ ೨೦ ಕಂಪನಗಳ ತಗ್ಗುಸ್ವರದಿಂದ ೨೦,೦೦೦ ಕಂಪನಗಳ ತಾರಸ್ವರದವರೆಗೆ ಕೇಳಬಲ್ಲದೆಂದು ಹೇಳುತ್ತಾರೆ. ಈ ಕಂಪನಸಂಖ್ಯೆಯನ್ನು ಹರ್ಟ್ಸ್ ಎಂಬ ಮಾನದಿಂದ ನಮೂದಿಸುವುದು ವಾಡಿಕೆ. ಈ ವಿಸ್ತಾರದಲ್ಲಿ ಎಲ್ಲಿಯೂ ಸೋಲದೆ ಶಕ್ತಿಯನ್ನು ಕೊಡುವುದು ಕಷ್ಟ. ೧,೦೦೦ ಹರ್ಟ್ಸಿನ ಒಂದೇ ಸ್ವರದಲ್ಲಿ ಕೊಡುವುದು ಸುಲಭ. ಒಂದೇ ಸ್ವರವನ್ನು ಚೆನ್ನಾಗಿ ಹಿಡಿದವನನ್ನು ಸಂಗೀತ ವಿದ್ವಾಂಸನೆಂದು ಕರೆಯಬಹುದೆ? ಪೆಟ್ಟಿಗೆಯ ಮೇಲೆ “೧ ಕಿಲೋಹರ್ಟ್ಸ್” ಎಂದು ಸಣ್ಣಕ್ಷರದಲ್ಲಿದ್ದರೆ ಅದು ಈ ಸುಲಭವಾದ ಪರೀಕ್ಷೆಯ ಗುರುತು.

ಮೂರನೆಯ ಪ್ರಶ್ನೆ: ಎಷ್ಟು ವಿಕೃತಿಯೊಡನೆ? ಯಂತ್ರವನ್ನು ಅದರ ಮೇರೆಯಾಚೆಗೆ ಬಲಾತ್ಕಾರದಿಂದ ಒತ್ತಿದರೆ ವಾಟೇನೋ ಇನ್ನಷ್ಟು ಹೊರಡುತ್ತದೆ. ಆದರೆ ಧ್ವನಿಯು ಒಡೆದು ಕರ್ಕಶವಾಗುತ್ತದೆ. ಮೂಲದಲ್ಲಿಲ್ಲದ ಸ್ವರಗಳು ಎಷ್ಟು ಪಾಲು ಸೇರಿಕೊಂಡವೆಂಬುದನ್ನು ಶೇಕಡದಲ್ಲಿ ಹೇಳುತ್ತಾರೆ, ಟಿ.ಎಚ್.ಡಿ. ಎಂಬ ಮೂರು ಅಕ್ಷರಗಳು ಇದರ ಸಂಕ್ಷೇಪ. ಶೇಕಡ ೦.೦೮ ಎಂದರೆ ಕಿವಿಗೆ ತಿಳಿಯದಷ್ಟು ಸೂಕ್ಷ್ಮ. ಶೇಕಡ ೧೦ ಎಂದರೆ ಯಾರೂ ಸಂತೋಷದಿಂದ ಕೇಳಲಾರದ ಗದ್ದಲ. ಹಾಲಿಗೆ ನೀರು ಬೆರೆಸಿದರೆ ಅಳತೆ ಹೆಚ್ಚುವಂತೆ ವಿಕೃತಿಯನ್ನು ಬೆರೆಸಿದರೆ ವಾಟು ಹೆಚ್ಚುತ್ತದೆ; ಎರಡರಲ್ಲಿಯೂ ಕೊಂಡವನಿಗೆ ಲಾಭವಿಲ್ಲ.

ನಾಲ್ಕನೆಯ ಪ್ರಶ್ನೆ: ಎಷ್ಟು ಚಾನೆಲುಗಳು ಒಟ್ಟಿಗೆ ನಡೆಯುತ್ತಿದ್ದಾಗ? ಮನೆಯ ಮಾಳಿಗೆಯ ಮೇಲೆ ಒಂದು ನೀರಿನ ತೊಟ್ಟಿಯಿದ್ದು, ಅದರ ಒಂದೇ ಕೊಳವೆಗೆ ಏಳು ನಲ್ಲಿಗಳನ್ನು ಜೋಡಿಸಿದೆಯೆಂದು ಭಾವಿಸಿರಿ. ಒಂದೇ ನಲ್ಲಿಯನ್ನು ತಿರುಗಿಸಿದರೆ ನೀರು ರಭಸದಿಂದ ಬೀಳುತ್ತದೆ. ಏಳನ್ನೂ ತೆರೆದರೆ ಒಂದೊಂದರಲ್ಲಿಯೂ ಧಾರೆ ಸಣ್ಣದಾಗುತ್ತದೆ. ರಿಸೀವರಿನ ಎಲ್ಲ ಚಾನೆಲುಗಳಿಗೂ ವಿದ್ಯುತ್ತನ್ನು ಒದಗಿಸುವುದು ಒಂದೇ ಟ್ರಾನ್ಸ್‌ಫಾರ್ಮರು. ಆದುದರಿಂದ ಒಂದು ಅಥವಾ ಎರಡು ಚಾನೆಲುಗಳನ್ನು ನಡೆಸಿ ಅಳೆದಾಗ ೧೦೦ ವಾಟು ಕೊಟ್ಟ ಯಂತ್ರವು, ಏಳನ್ನೂ ಪೂರ್ಣವಾಗಿ ನಡೆಸಿದಾಗ ಒಂದೊಂದಕ್ಕೆ ಅದರ ಅರ್ಧವನ್ನೋ ಅದಕ್ಕೂ ಕಡಮೆಯನ್ನೋ ಕೊಡುವುದುಂಟು. “ಚಾನೆಲಿಗೆ ೧೦೦ ವಾಟಿನಂತೆ ೭ ಚಾನೆಲು, ಒಟ್ಟು ೭೦೦ ವಾಟು” ಎಂಬ ಗುಣಾಕಾರವು ಕಾಗದದ ಮೇಲೆ ಸರಿ, ಯಂತ್ರದೊಳಗೆ ಸರಿಯಲ್ಲ. ಸಾಮಾನ್ಯ ಆಂಪ್ಲಿಫೈಯರುಗಳಲ್ಲಿ ಗೋಡೆಯಿಂದ ಬಂದ ಶಕ್ತಿಯ ಮೂರನೆಯ ಒಂದು ಭಾಗವಾದರೂ ಶಾಖವಾಗಿ ನಷ್ಟವಾಗುವುದರಿಂದ, ೭೦೦ ವಾಟನ್ನು ನಿಜವಾಗಿ ಕೊಡಬೇಕಾದರೆ ೧,೦೦೦ ವಾಟಿಗೂ ಮೇಲ್ಪಟ್ಟು ತೆಗೆದುಕೊಳ್ಳಬೇಕಾಗುವುದು. ಆದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಚಿತ್ರಗಳಲ್ಲಿ ಎಲ್ಲ ಸ್ಪೀಕರುಗಳೂ ಒಂದೇ ಕ್ಷಣದಲ್ಲಿ ಪೂರ್ಣಬಲದಿಂದ ಮೊಳಗುವುದು ತೀರ ವಿರಳ. ಆದ ಕಾರಣ ಎರಡು ಚಾನೆಲುಗಳ ಅಂಕಿಯನ್ನು ಕೊಟ್ಟಿರುವುದೇ ವಂಚನೆಯೆಂದು ತಿಳಿಯಬೇಕಾಗಿಲ್ಲ. ಎಷ್ಟು ಚಾನೆಲುಗಳೆಂಬುದನ್ನು ಮರೆಮಾಚುವುದು ಮಾತ್ರ ಸಲ್ಲದು.

ಈ ನಾಲ್ಕು ಪ್ರಶ್ನೆಗಳನ್ನು ಒಂದು ಉದಾಹರಣೆಗೆ ಅನ್ವಯಿಸಿ ನೋಡೋಣ. ಒಂದು ರಿಸೀವರಿನ ಪೆಟ್ಟಿಗೆಯ ಮೇಲೆ “೧೫೦ ವಾಟ್” ಎಂದಿದೆ. ಕೆಳಗೆ ಸಣ್ಣಕ್ಷರದಲ್ಲಿ “೬ ಓಮ್, ೧ ಕಿಲೋಹರ್ಟ್ಸ್, ವಿಕೃತಿ ಶೇಕಡ ೧೦, ೧ ಚಾನೆಲ್” ಎಂದಿದೆ. ಅದರ ಕೈಪಿಡಿಯ ಕೊನೆಯ ಪುಟಗಳನ್ನು ತಿರುವಿದರೆ “೮೦ ವಾಟ್; ೮ ಓಮ್, ೨೦ರಿಂದ ೨೦,೦೦೦ ಹರ್ಟ್ಸ್, ವಿಕೃತಿ ಶೇಕಡ ೦.೦೮, ೨ ಚಾನೆಲ್” ಎಂಬ ಸಾಲು ಸಿಕ್ಕುತ್ತದೆ. ಯಂತ್ರವು ಒಂದೇ, ಸೇರುಗಳು ಎರಡು. ಎರಡು ಅಂಕಿಗಳೂ ಸುಳ್ಳಲ್ಲ. ಆದರೆ ಬೇರೆ ಯಂತ್ರದೊಡನೆ ಹೋಲಿಸುವಾಗ ಎರಡನೆಯ ಸಾಲನ್ನು ಎರಡನೆಯ ಸಾಲಿನೊಡನೆಯೇ ಹೋಲಿಸಬೇಕು. ಇದೊಂದನ್ನು ಪಾಲಿಸಿದರೆ ಅರ್ಧಕ್ಕರ್ಧ ಮೋಸದಿಂದ ಪಾರಾದಂತೆ.

ಇನ್ನು ಪಿ.ಎಂ.ಪಿ.ಓ. ಎಂಬ ಅಕ್ಷರಗಳನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ೧೯೯೦ರ ದಶಕದಲ್ಲಿ ಟೇಪ್‌ರೆಕಾರ್ಡರುಗಳ ಮೇಲೆಯೂ ಕಂಪ್ಯೂಟರಿನ ಪುಟ್ಟ ಸ್ಪೀಕರುಗಳ ಮೇಲೆಯೂ ಈ ಹೆಸರಿನಲ್ಲಿ ನೂರಾರು ಸಾವಿರಾರು ವಾಟುಗಳನ್ನು ಮುದ್ರಿಸುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಒಂದು ಚಿಮ್ಮುವಿಕೆಯ ಕಲ್ಪಿತ ಲೆಕ್ಕವದು. ಇದನ್ನು ಅಳೆಯುವುದಕ್ಕೆ ಸರ್ವಸಮ್ಮತವಾದ ಕ್ರಮವೇ ಇಲ್ಲ. ಇಂತಹ ಅಂಕಿಯನ್ನು ಕಂಡರೆ ಅದನ್ನು ಕಡಮೆಮಾಡಿ ಲೆಕ್ಕಹಾಕುವ ಶ್ರಮವೂ ಬೇಡ. ಇಲ್ಲವೆಂದೇ ಭಾವಿಸುವುದು ಲೇಸು. ಆರ್.ಎಂ.ಎಸ್. ಎಂಬ ಅಕ್ಷರಗಳಿದ್ದರೆ ಸಾಮಾನ್ಯವಾಗಿ ಎಡೆಬಿಡದೆ ಕೊಡಬಲ್ಲ ಸರಾಸರಿ ಶಕ್ತಿಯೆಂದು ತಿಳಿಯಬಹುದು. ಆದರೆ ಅಲ್ಲಿಯೂ ಮೇಲಿನ ನಾಲ್ಕು ಪ್ರಶ್ನೆಗಳು ತಪ್ಪುವುದಿಲ್ಲ.

ಅಮೆರಿಕದಲ್ಲಿ ಬಂದ ಕಟ್ಟಳೆ

ಈ ಗೊಂದಲವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಧ್ವನಿಯಂತ್ರ ತಯಾರಕರಲ್ಲಿ ವಾಟಿನ ಪೈಪೋಟಿ ಮಿತಿಮೀರಿತು. ಒಬ್ಬರು ಸಂಗೀತಶಕ್ತಿಯೆಂದರು, ಇನ್ನೊಬ್ಬರು ಶಿಖರಶಕ್ತಿಯೆಂದರು. ಎರಡು ಚಾನೆಲುಗಳ ಅಂಕಿಯನ್ನು ಕೂಡಿಸಿ ಹೇಳುವವರೂ ಇದ್ದರು. ಗಿರಾಕಿಗೆ ಹೋಲಿಸುವುದಕ್ಕೆ ಯಾವ ಆಧಾರವೂ ಉಳಿಯಲಿಲ್ಲ. ಪ್ರಾಮಾಣಿಕವಾಗಿ ಅಳೆದು ಹೇಳಿದ ತಯಾರಕನ ಯಂತ್ರವೇ ಅಂಗಡಿಯಲ್ಲಿ ಅಲ್ಪವಾಗಿ ಕಾಣುವಂತಾಯಿತು.

ಆಗ ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯು ೧೯೭೪ರಲ್ಲಿ ಒಂದು ನಿಯಮವನ್ನು ಹೊರಡಿಸಿತು. ಗೃಹೋಪಯೋಗದ ಆಂಪ್ಲಿಫೈಯರಿನ ಶಕ್ತಿಯನ್ನು ಜಾಹೀರುಮಾಡುವವರು ಪ್ರತಿ ಚಾನೆಲಿಗೂ ಎಡೆಬಿಡದೆ ದೊರೆಯುವ ಸರಾಸರಿ ಶಕ್ತಿ, ಓಮ್, ಕಂಪನಗಳ ವಿಸ್ತಾರ, ಗರಿಷ್ಠ ವಿಕೃತಿ, ಇವಿಷ್ಟನ್ನೂ ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ಅದು ವಿಧಿಸಿತು. ಅಳೆಯುವುದಕ್ಕೆ ಮುಂಚೆ ಯಂತ್ರವನ್ನು ಅದರ ಘೋಷಿತ ಶಕ್ತಿಯ ಮೂರನೆಯ ಒಂದು ಭಾಗದಲ್ಲಿ ಒಂದು ಗಂಟೆಯ ಕಾಲ ನಡೆಸಿ ಕಾಯಿಸಬೇಕೆಂದೂ ಗೊತ್ತುಮಾಡಿತು. ತಣ್ಣಗಿರುವಾಗ ಒಮ್ಮೆ ತೋರಿಸಿದ ಪ್ರತಾಪವು ಲೆಕ್ಕಕ್ಕೆ ಬಾರದಂತೆ ಮಾಡಿದ ಉಪಾಯವಿದು. ೨೦೦೦ದಲ್ಲಿ ಈ ಕಾಯಿಸುವಿಕೆಯನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದರು. ೨೦೨೪ರಲ್ಲಿ ನಿಯಮವನ್ನು ಮತ್ತೆ ಪರಿಷ್ಕರಿಸಿ, ೮ ಓಮ್, ೨೦ರಿಂದ ೨೦,೦೦೦ ಹರ್ಟ್ಸ್, ಶೇಕಡ ೧ಕ್ಕಿಂತ ಕಡಮೆ ವಿಕೃತಿ ಎಂಬ ಒಂದೇ ಅಳತೆಯನ್ನು ಗೊತ್ತುಮಾಡಿದರು. ನಮ್ಮಲ್ಲಿ ಮಾರಾಟಕ್ಕೆ ಬರುವ ರಿಸೀವರುಗಳಲ್ಲಿ ಅನೇಕವು ಅಲ್ಲಿಯೂ ಮಾರಾಟವಾಗುವಂಥವೇ. ಅದೇ ಮಾದರಿಯು ಅಲ್ಲಿ ಯಾವ ಅಂಕಿಯೊಡನೆ ಮಾರಾಟವಾಗುತ್ತಿದೆಯೆಂದು ತಯಾರಕರ ಪ್ರಕಟಣೆಗಳಲ್ಲಿ ನೋಡಿಕೊಂಡರೆ ಸತ್ಯವು ಬಹುಪಾಲು ಹೊರಬೀಳುತ್ತದೆ.

ಕಿವಿಯ ಲೆಕ್ಕವೇ ಬೇರೆ

ವಾಟಿನ ನಿಜವಾದ ಅಂಕಿಯು ತಿಳಿಯಿತೆಂದೇ ಇಟ್ಟುಕೊಳ್ಳೋಣ. ೧೦೦ ವಾಟಿನ ಯಂತ್ರವು ೫೦ ವಾಟಿನದಕ್ಕಿಂತ ಎರಡರಷ್ಟು ಗಟ್ಟಿಯಾಗಿ ಕೇಳುವುದೆ? ಇಲ್ಲ. ಕಿವಿಯು ಗುಣಾಕಾರದ ಲೆಕ್ಕವನ್ನು ಸಂಕಲನದಂತೆ ಗ್ರಹಿಸುತ್ತದೆ. ಆದ್ದರಿಂದಲೇ ಧ್ವನಿಯ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಮ್ ಬೆಲ್ಲನ ಹೆಸರು ಇದರಲ್ಲಿ ಸೇರಿದೆ. ಶಕ್ತಿಯು ಎರಡರಷ್ಟಾದರೆ ೩ ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ತುಸು ಹೆಚ್ಚಾದಂತೆ ತೋರುವುದು, ಅಷ್ಟೇ. ಎರಡರಷ್ಟು ಗಟ್ಟಿಯಾಯಿತೆಂದು ಅನ್ನಿಸಬೇಕಾದರೆ ಸುಮಾರು ೧೦ ಡೆಸಿಬೆಲ್, ಅಂದರೆ ಶಕ್ತಿಯ ಹತ್ತರಷ್ಟು, ಬೇಕು. ೫೦ ವಾಟಿನ ಮುಂದೆ ಎರಡರಷ್ಟು ಗಟ್ಟಿಯಾಗಿ ಕೇಳಿಸುವುದು ೧೦೦ ವಾಟಲ್ಲ, ೫೦೦ ವಾಟು! ಮೇಲಿನ ಉದಾಹರಣೆಯ ೮೦ಕ್ಕೂ ೧೫೦ಕ್ಕೂ ಇರುವ ಅಂತರವು ೩ ಡೆಸಿಬೆಲಿಗೂ ಕಡಮೆ. ಇಷ್ಟು ಅಲ್ಪವಾದ ಅಂತರಕ್ಕಾಗಿ ಹಲವು ಸಾವಿರ ರೂಪಾಯಿಗಳನ್ನು ಹೆಚ್ಚಾಗಿ ತೆರುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಇದಕ್ಕಿಂತಲೂ ಮುಖ್ಯವಾದುದು ಸ್ಪೀಕರಿನ ಗುಣ. ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗಿ ಹೊರಬರುವುದು ಸಾಮಾನ್ಯವಾಗಿ ಶೇಕಡ ಒಂದರಷ್ಟೋ ಅದಕ್ಕೂ ಕಡಮೆಯೋ, ಉಳಿದುದೆಲ್ಲ ಶಾಖ. ಯಾವ ಸ್ಪೀಕರು ಈ ಅಲ್ಪಭಾಗವನ್ನು ತುಸು ಹೆಚ್ಚಿಸಿಕೊಂಡಿದೆಯೋ ಅದು ಕಡಮೆ ವಾಟಿನಲ್ಲಿಯೇ ಗಟ್ಟಿಯಾಗಿ ನುಡಿಯುತ್ತದೆ. ಒಂದು ವಾಟನ್ನು ಕೊಟ್ಟು, ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುವುದೆಂಬುದನ್ನು ಸೆನ್ಸಿಟಿವಿಟಿ ಎಂಬ ಹೆಸರಿನಲ್ಲಿ ಸ್ಪೀಕರಿನ ವಿವರಪಟ್ಟಿಯಲ್ಲಿ ಬರೆದಿರುತ್ತಾರೆ. ೮೫ರದ್ದೊಂದು, ೯೧ರದ್ದೊಂದು ಸ್ಪೀಕರುಗಳಿದ್ದರೆ ಅವುಗಳ ಅಂತರವು ೬ ಡೆಸಿಬೆಲ್. ಎಂದರೆ ೯೧ರ ಸ್ಪೀಕರು ೨೫ ವಾಟಿನಲ್ಲಿ ಮಾಡುವ ಕೆಲಸಕ್ಕೆ ೮೫ರದ್ದು ೧೦೦ ವಾಟನ್ನು ಕೇಳುತ್ತದೆ. ಇಲ್ಲಿಯೂ ಒಂದು ಸೂಕ್ಷ್ಮವುಂಟು. ಕೆಲವರು ಒಂದು ವಾಟಿನ ಬದಲು ೨.೮೩ ವೋಲ್ಟಿನಲ್ಲಿ ಅಳೆದು ಹೇಳುತ್ತಾರೆ. ೮ ಓಮಿನ ಸ್ಪೀಕರಿಗೆ ಎರಡೂ ಒಂದೇ. ೪ ಓಮಿನದಕ್ಕೆ ಅಷ್ಟು ವೋಲ್ಟಿನಲ್ಲಿ ಎರಡು ವಾಟು ಹೋಗುವುದರಿಂದ ಅಂಕಿಯು ೩ ಡೆಸಿಬೆಲ್ ಹೆಚ್ಚಾಗಿ ಕಾಣುವುದು.

ನಮ್ಮ ಮನೆಗೆ ಎಷ್ಟು ಬೇಕು?

ಒಂದು ಸಾಧಾರಣ ಪಡಸಾಲೆಯನ್ನು ತೆಗೆದುಕೊಳ್ಳೋಣ. ಕುಳಿತುಕೊಳ್ಳುವ ಸ್ಥಳವು ಸ್ಪೀಕರಿನಿಂದ ೧೦ ಅಡಿ ದೂರ. ಸ್ಪೀಕರು ೮೮ ಡೆಸಿಬೆಲಿನದು. ದೂರ ಹೆಚ್ಚಿದಂತೆ ಧ್ವನಿ ತಗ್ಗುತ್ತದೆ. ಗೋಡೆಗಳಿಂದ ಮರುಳಿ ಬರುವ ಧ್ವನಿಯು ಸ್ವಲ್ಪವನ್ನು ತುಂಬಿಕೊಡುತ್ತದೆ. ಇವೆರಡನ್ನೂ ಲೆಕ್ಕಕ್ಕೆ ತಂದುಕೊಂಡರೆ ಒಂದು ವಾಟಿಗೆ ಆಸನದಲ್ಲಿ ಸುಮಾರು ೮೨ ಡೆಸಿಬೆಲ್ ಕೇಳುವುದೆಂದು ಇಟ್ಟುಕೊಳ್ಳಬಹುದು. ನಾವು ಮನೆಯಲ್ಲಿ ಆಡುವ ಮಾತು ಸುಮಾರು ೬೦ ಡೆಸಿಬೆಲಿನದು. ಒಂದೇ ವಾಟು ಎಷ್ಟು ದೂರ ಬರುವುದೆಂಬುದನ್ನು ಇದರಿಂದಲೇ ಊಹಿಸಬಹುದು. ಹತ್ತು ವಾಟಿಗೆ ೯೨, ನೂರು ವಾಟಿಗೆ ೧೦೨.

ಚಿತ್ರಮಂದಿರಗಳ ಧ್ವನಿಯನ್ನು ಹೊಂದಿಸುವವರು ಅನುಸರಿಸುವ ಪ್ರಮಾಣದಲ್ಲಿ ಮುಖ್ಯ ಚಾನೆಲೊಂದರ ಅತ್ಯುಚ್ಚ ಘೋಷವು ೧೦೫ ಡೆಸಿಬೆಲ್. ಅದನ್ನು ಮನೆಯಲ್ಲಿಯೂ ಮುಟ್ಟಬೇಕೆಂದರೆ ಮೇಲಿನ ಪಡಸಾಲೆಯಲ್ಲಿ ೨೦೦ ವಾಟು ಬೇಕಾದೀತು. ಆದರೆ ಸಂಸಾರಿಗಳ ಮನೆಯಲ್ಲಿ ಅಂತಹ ಘೋಷವನ್ನು ಸಹಿಸುವವರಾರು? ಅದಕ್ಕಿಂತ ೧೦ ಡೆಸಿಬೆಲ್ ತಗ್ಗಿಸಿಕೊಂಡರೂ ಸಿಡಿಲಿನ ದೃಶ್ಯದಲ್ಲಿ ಮೈ ನಡುಗುವಷ್ಟು ಧ್ವನಿಯಿರುತ್ತದೆ. ಅದಕ್ಕೆ ೨೦ ವಾಟು ಸಾಕು. ಆದುದರಿಂದ ಸರಿಯಾಗಿ ಅಳೆದ ೬೦ರಿಂದ ೮೦ ವಾಟು ಸಾಧಾರಣ ಪಡಸಾಲೆಗೆ ಧಾರಾಳವಾಯಿತು. ಹಾಲು ದೊಡ್ಡದಾಗಿದ್ದರೆ, ಆಸನವು ದೂರವಾಗಿದ್ದರೆ, ಸ್ಪೀಕರು ೪ ಓಮಿನದಾಗಿಯೋ ಕಡಮೆ ಸೆನ್ಸಿಟಿವಿಟಿಯದಾಗಿಯೋ ಇದ್ದರೆ ಆಗ ಹೆಚ್ಚಿನ ಯಂತ್ರವನ್ನು ಯೋಚಿಸುವುದು ಸಾರ್ಥಕ.

ಹಾಗಾದರೆ ೨೦ ವಾಟಿನ ಯಂತ್ರವನ್ನೇ ಕೊಳ್ಳಬಹುದಲ್ಲವೆ ಎಂದು ಕೇಳಬಹುದು. ಯಂತ್ರಕ್ಕೆ ಸ್ವಲ್ಪ ಮೀಸಲು ಬಲವಿರಬೇಕು. ಧ್ವನಿಯ ಅಲೆಯನ್ನು ಒಂದು ಬೆಟ್ಟಸಾಲಿಗೆ ಹೋಲಿಸಿದರೆ, ಶಕ್ತಿ ಸಾಲದ ಯಂತ್ರವು ಶಿಖರಗಳನ್ನು ಕೊಯ್ದು ಚಪ್ಪಟೆ ಮಾಡುತ್ತದೆ. ಆಗ ಧ್ವನಿಯು ಕರ್ಕಶವಾಗುವುದಲ್ಲದೆ, ಮೂಲದಲ್ಲಿಲ್ಲದ ತಾರಸ್ವರಗಳು ಹುಟ್ಟಿ ಸ್ಪೀಕರಿನ ಕೋಮಲಭಾಗವಾದ ಟ್ವೀಟರನ್ನು ಸುಡುವ ಸಂಭವವೂ ಉಂಟು. ಸ್ಪೀಕರಿನ ಬೆನ್ನ ಮೇಲೆ ಬರೆದಿರುವ “೧೦೦ ವಾಟ್” ಎಂಬುದು ಅದು ತಾಳಿಕೊಳ್ಳಬಲ್ಲ ಮೇರೆಯೇ ಹೊರತು ಅದು ಕೊಡುವ ಶಕ್ತಿಯಲ್ಲ. ರಿಸೀವರಿನ ಅಂಕಿ ಅದಕ್ಕಿಂತ ತುಸು ಹೆಚ್ಚಾಗಿದ್ದ ಮಾತ್ರಕ್ಕೆ ಸ್ಪೀಕರು ಕೆಡುವುದಿಲ್ಲ. ವಿಕೃತಿ ಕೇಳಿಬಂದ ಕೂಡಲೆ ಗುಂಡಿಯನ್ನು ತಗ್ಗಿಸುವ ಕೈಯೇ ಸ್ಪೀಕರಿನ ರಕ್ಷಕ.

ತಗ್ಗುಸ್ವರಗಳ ವಿಷಯ ಬೇರೆ. ಧ್ವನಿಯ ಮಟ್ಟ ಇಳಿದಂತೆಲ್ಲ ಕಿವಿಯು ತಗ್ಗುಸ್ವರಗಳನ್ನು ಹೆಚ್ಚಾಗಿ ಕಳೆದುಕೊಳ್ಳುವುದೆಂದು ೧೯೩೩ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಸ್ವರಗಳನ್ನು ಕೇಳುವಂತೆ ನುಡಿಸಲು ಬಹಳ ಶಕ್ತಿ ಬೇಕು. ಸಬ್‌ವೂಫರುಗಳಲ್ಲಿ ಬಹುಪಾಲಿಗೆ ತಮ್ಮದೇ ಆದ ಆಂಪ್ಲಿಫೈಯರ್ ಇರುತ್ತದೆ. ರಿಸೀವರಿನ ಹೊಂದಾಣಿಕೆಯಲ್ಲಿ ಸ್ಪೀಕರುಗಳನ್ನು “ಸ್ಮಾಲ್” ಎಂದು ಗುರುತಿಸಿ, ೮೦ ಹರ್ಟ್ಸಿನ ಕೆಳಗಿನ ಸ್ವರಗಳನ್ನೆಲ್ಲ ಸಬ್‌ವೂಫರಿಗೆ ಒಪ್ಪಿಸಿದರೆ ರಿಸೀವರಿನ ಹೊರೆಯು ಎಷ್ಟೋ ಇಳಿಯುತ್ತದೆ. ಒಂದು ಕಾಸೂ ಖರ್ಚಿಲ್ಲದೆ ವಾಟನ್ನು ಗಳಿಸುವ ಉಪಾಯವಿದು.

ಮಾತು ಕೇಳಿಸದಿದ್ದರೆ

ಹೆಚ್ಚು ವಾಟಿನ ಯಂತ್ರವನ್ನು ಕೊಳ್ಳಹೊರಡುವ ಅನೇಕರ ನಿಜವಾದ ಕೊರತೆಯು ಬೇರೆಯೇ ಇರುತ್ತದೆ. “ಪಾತ್ರಗಳ ಮಾತು ಕೇಳುವುದಿಲ್ಲ, ಹೊಡೆದಾಟ ಬಂದರೆ ಮನೆ ಹಾರಿಹೋಗುತ್ತದೆ” ಎಂಬುದು ಮನೆಯ ಹಿರಿಯರ ದೂರು. ಇದು ವಾಟಿನಿಂದ ನಿವಾರಣೆಯಾಗತಕ್ಕದ್ದಲ್ಲ. ಸಂಭಾಷಣೆಯ ಬಹುಭಾಗವು ಟೆಲಿವಿಷನ್ನಿನ ಬಳಿಯಿರುವ ನಡುವಿನ ಸ್ಪೀಕರಿನಿಂದ ಬರುತ್ತದೆ. ಅದನ್ನು ಕಪಾಟಿನ ಒಳಗೆ ಹುದುಗಿಸದೆ ಅಂಚಿಗೆ ತಂದು, ಕೇಳುವವರ ಕಿವಿಯ ಕಡೆಗೆ ತಿರುಗಿಸಿ, ರಿಸೀವರಿನಲ್ಲಿ ಆ ಒಂದು ಚಾನೆಲಿನ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿದರೆ ಮಾತು ತಿಳಿಯಾಗುತ್ತದೆ. ರಾತ್ರಿಯ ಹೊತ್ತಿಗೆಂದು ಬಹುತೇಕ ರಿಸೀವರುಗಳಲ್ಲಿ ಒಂದು ಏರ್ಪಾಡು ಇರುವುದು. ಅದು ಗಟ್ಟಿಯಾದುದನ್ನು ತಗ್ಗಿಸಿ ಮೆಲುದನಿಯನ್ನು ಎತ್ತಿಕೊಡುತ್ತದೆ. ಕಲ್ಲಿನ ನೆಲ, ಬರಿಯ ಗೋಡೆಗಳಿರುವ ಕೊಠಡಿಯಲ್ಲಿ ಧ್ವನಿಯು ಮಾರ್ದನಿಗೊಂಡು ಅಕ್ಷರಗಳು ಕಲಸಿಹೋಗುವುದುಂಟು. ಒಂದು ಜಮಖಾನ, ದಪ್ಪನೆಯ ಪರದೆ, ಪುಸ್ತಕದ ಬೀರು, ಇವು ಎಷ್ಟೋ ಸಲ ಹೊಸ ಯಂತ್ರಕ್ಕಿಂತ ಹೆಚ್ಚು ಉಪಕಾರ ಮಾಡುತ್ತವೆ.

ಶಕ್ತಿಯಿದೆಯೆಂದು ಅದನ್ನೆಲ್ಲ ಬಳಸಬೇಕೆಂಬ ನಿಯಮವಿಲ್ಲ. ಮೊಬೈಲ್ ಮೊದಲಾದ ಸಾಧನಗಳಿಂದ ಸಂಗೀತ ಕೇಳುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿರುವ ಮಿತಿಯು, ದೊಡ್ಡವರಿಗೆ ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಕಾಲ ೭೫ ಡೆಸಿಬೆಲ್. ೩ ಡೆಸಿಬೆಲ್ ಏರಿದಂತೆಲ್ಲ ನಿರಪಾಯವಾದ ಕಾಲವು ಅರ್ಧಕ್ಕೆ ಇಳಿಯುತ್ತದೆ. ಕಿವಿಗೆ ಸ್ಪೀಕರಾದರೇನು, ಹೆಡ್‌ಫೋನಾದರೇನು? ಒಮ್ಮೆ ಕೆಟ್ಟ ಕಿವಿಯ ಸೂಕ್ಷ್ಮಕೋಶಗಳು ಮತ್ತೆ ಬೆಳೆಯುವುದಿಲ್ಲ. ನೆರೆಹೊರೆಯವರ ಹಕ್ಕೂ ಇದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ೪೫ ಡೆಸಿಬೆಲ್ ಮಿತಿಯಾಗಿದೆ.

ಕೊಳ್ಳುವ ಮುನ್ನ

ಮೊದಲು ಸ್ಪೀಕರನ್ನು ಆರಿಸಿ, ಅನಂತರ ಅದಕ್ಕೆ ತಕ್ಕ ರಿಸೀವರನ್ನು ಹುಡುಕುವುದು ಸರಿಯಾದ ಕ್ರಮ. ಸ್ಪೀಕರಿನ ಓಮನ್ನೂ ಸೆನ್ಸಿಟಿವಿಟಿಯನ್ನೂ ಒಂದು ಕಾಗದದ ಮೇಲೆ ಬರೆದುಕೊಳ್ಳಿರಿ. ರಿಸೀವರಿನ ಪೆಟ್ಟಿಗೆಯನ್ನು ನಂಬದೆ ಕೈಪಿಡಿಯ ವಿವರಪಟ್ಟಿಯನ್ನು ಕೇಳಿ ನೋಡಿರಿ. ೮ ಓಮ್, ೨೦ರಿಂದ ೨೦,೦೦೦ ಹರ್ಟ್ಸ್, ಶೇಕಡ ೧ಕ್ಕಿಂತ ಕಡಮೆ ವಿಕೃತಿ, ಎರಡಾದರೂ ಚಾನೆಲು, ಈ ಷರತ್ತುಗಳ ಅಂಕಿಯನ್ನು ಮಾತ್ರ ಗುರುತುಹಾಕಿಕೊಳ್ಳಿರಿ. ಅಂತಹ ಸಾಲೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಯಂತ್ರದ ಹಿಂದಿನ ಫಲಕದಲ್ಲಿ ಅದು ಗೋಡೆಯಿಂದ ತೆಗೆದುಕೊಳ್ಳುವ ವಾಟನ್ನು ಬರೆದಿರುತ್ತಾರೆ. ಅದು ಪೂರ್ಣಬಲದಲ್ಲಿ ಅಳೆದದ್ದಲ್ಲವಾದರೂ, ಎರಡು ಯಂತ್ರಗಳನ್ನು ತೂಗಿನೋಡಲು ಒಂದು ಸೂಚನೆಯಾಗಬಲ್ಲದು. ತೂಕವೂ ಹಾಗೆಯೇ, ದೊಡ್ಡ ಟ್ರಾನ್ಸ್‌ಫಾರ್ಮರಿರುವ ಯಂತ್ರವು ಭಾರವಾಗಿರುತ್ತದೆ. ಕ್ಲಾಸ್ ಡಿ ಎಂಬ ಹೊಸ ಬಗೆಯ ಆಂಪ್ಲಿಫೈಯರುಗಳು ಮಾತ್ರ ಹಗುರವಾಗಿದ್ದೂ ಬಲವಾಗಿರಬಲ್ಲವು. ಅವುಗಳಿಗೆ ಈ ಲಕ್ಷಣ ಅನ್ವಯಿಸದು. ಯಂತ್ರದ ಮೇಲೆ ಗಾಳಿಯಾಡುವಷ್ಟು ಜಾಗವನ್ನು ಬಿಡಬೇಕು. ಬಿಸಿಲುಸೀಮೆಯ ಬೇಸಗೆಯಲ್ಲಿ ಮುಚ್ಚಿದ ಬೀರುವಿನೊಳಗೆ ಇಟ್ಟರೆ ಎಂತಹ ಯಂತ್ರವೂ ಬಸವಳಿಯುತ್ತದೆ. ಭೂಸಂಪರ್ಕವಿರುವ ಸಾಕೆಟ್ಟಿಗೇ ಜೋಡಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜಾಹೀರಾತಿನಲ್ಲಿ ಸುಳ್ಳು ಅಂಕಿಯನ್ನು ತೋರಿಸಿ ಮೋಸಪಡಿಸಿದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಆದರೆ ದೂರಿಗಿಂತಲೂ ಪರಿಣಾಮಕಾರಿಯಾದುದು ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆ. ಕೊಳ್ಳುವವರು ದಪ್ಪಕ್ಷರವನ್ನು ಮಾತ್ರ ಓದುವವರೆಗೆ ದಪ್ಪಕ್ಷರದ ಅಂಕಿಗಳು ಬೆಳೆಯುತ್ತಲೇ ಇರುತ್ತವೆ. ಸಣ್ಣಕ್ಷರವನ್ನೂ ಓದತೊಡಗಿದರೆ ಪ್ರಾಮಾಣಿಕನಾದ ತಯಾರಕನಿಗೂ ಬೆಲೆ ಬರುತ್ತದೆ. ನಮ್ಮ ಹಿರಿಯರು ಸಂತೆಯಲ್ಲಿ ಕೊಳಗವನ್ನು ತಿರುಗಿಸಿ ತಳವನ್ನು ನೋಡದೆ ಧಾನ್ಯವನ್ನು ಅಳೆಸಿಕೊಳ್ಳುತ್ತಿರಲಿಲ್ಲ. ಆ ಜಾಣತನವನ್ನು ವಾಟಿನ ವಿಷಯದಲ್ಲಿಯೂ ಉಳಿಸಿಕೊಂಡರೆ ಹಣವೂ ಉಳಿಯುವುದು, ಮನೆಮಂದಿಯೆಲ್ಲ ಕೂಡಿ ಕೇಳುವ ಸುಖವೂ ಕೂಡಿಬರುವುದು.